ಕಾಡಿನ ಕೋಟೆಯಲ್ಲಿ ಮಗಳ ಐದು ದಿನ: ಕಳುಹಿಸುವ ಮುನ್ನ ಒಮ್ಮೆ ಹೋಗಿ ಬನ್ನಿ

ಪ್ರಶ್ನೆ: ನಾವು ಫ್ರಾಂಕ್‌ಫರ್ಟ್‌ಗೆ ಬಂದು ಮೂರು ವರ್ಷವಾಯಿತು. 13 ವರ್ಷದ ಮಗಳ ತರಗತಿಯನ್ನು ಬರುವ ಸೆಪ್ಟೆಂಬರ್‌ನಲ್ಲಿ ಐದು ದಿನಗಳ ಮಟ್ಟಿಗೆ ಲುಡ್ವಿಗ್‌ಸ್ಟೈನ್ ಎಂಬ ಕೋಟೆಗೆ ಕರೆದೊಯ್ಯುತ್ತಾರಂತೆ. ಸುತ್ತ ಕಾಡು. ಶಾಲೆಯವರು ಕೊಟ್ಟ ಕಾಗದದಲ್ಲಿ ಒಂದರ ಮೇಲೊಂದು ಮಂಚ, ಊಟದ ಮೇಜಿನ ಪಾಳಿ, ರಾತ್ರಿ ಕಾಡಿನಲ್ಲಿ ನಡಿಗೆ ಎಂದೆಲ್ಲ ಬರೆದಿದೆ. ನಾವು ಮೊಟ್ಟೆಯನ್ನೂ ತಿನ್ನದವರು. ತುಮಕೂರಿನಲ್ಲಿರುವ ನಮ್ಮ ಅತ್ತೆಯವರಂತೂ ‘ಹೆಣ್ಣುಮಗುವನ್ನು ಕಾಡಿನ ಕೋಟೆಯಲ್ಲಿ ಮಲಗಿಸುತ್ತೀರಾ’ ಎಂದು ದಿನವೂ ಫೋನ್ ಮಾಡುತ್ತಿದ್ದಾರೆ. ಕಳುಹಿಸಲೇಬೇಕೇ? ಮೊದಲೊಮ್ಮೆ ನಾವೇ ಹೋಗಿ ನೋಡಬಹುದೇ? ಹೋದರೆ ಏನನ್ನು ನೋಡಬೇಕು? ಅವಳು ಅಲ್ಲಿರುವಾಗ ನಡುವೆ ಒಂದು ದಿನ ಹೋಗಿ ಬರಬಹುದೇ?

ಉತ್ತರ: ಹೋಗಿ ಬನ್ನಿ. ಮಗಳನ್ನೂ ಕರೆದುಕೊಂಡು ಹೋಗಿ. ಆದರೆ ಸೆಪ್ಟೆಂಬರ್‌ಗೆ ಮೊದಲೇ ಹೋಗಿ. ಆ ಐದು ದಿನಗಳ ನಡುವೆ ಮಾತ್ರ ಬೇಡ. ಯಾಕೆ ಬೇಡ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಜರ್ಮನಿಯ ಶಾಲೆಗಳ ಜೊತೆ ಇಂಥ ಪ್ರವಾಸಗಳಿಗೆ ಹದಿನೈದು ವರ್ಷ ಹೋಗಿಬಂದವಳು ನಾನು. ನಿಮ್ಮಂಥ ತಾಯಂದಿರ ಕಳವಳವನ್ನು ತೀರ ಹತ್ತಿರದಿಂದ ನೋಡಿದ್ದೇನೆ. ಅದರಲ್ಲಿ ಹುರುಳಿಲ್ಲ ಎಂದು ನನಗೆ ಒಮ್ಮೆಯೂ ಅನಿಸಿಲ್ಲ.

ಮೊದಲು ‘ಕೋಟೆ’ ಎಂಬ ಪದದ ಮಾತು. ನಿಮ್ಮ ಅತ್ತೆಯವರು ಕೋಟೆ ಎಂದಾಗ ಅವರ ಕಣ್ಣ ಮುಂದೆ ಮಧುಗಿರಿಯೋ ಚಿತ್ರದುರ್ಗವೋ ಬಂದು ನಿಲ್ಲುತ್ತದೆ: ಬೋಳು ಬಂಡೆ, ಸುತ್ತು ಸುತ್ತು ಗೋಡೆ, ಪಾಳು ಬುರುಜು, ಸಂಜೆಯ ಮೇಲೆ ಯಾರೂ ಸುಳಿಯದ ಜಾಗ. ಜರ್ಮನರ ‘ಬುರ್ಗ್’ ಹಾಗಿಲ್ಲ. ಮಕ್ಕಳು ತಂಗುವಂಥ ಬುರ್ಗ್‌ಗಳು ಹೆಚ್ಚಾಗಿ ಗುಡ್ಡದ ತಲೆಯ ಮೇಲೆ ಕಟ್ಟಿದ, ದಪ್ಪ ಗೋಡೆಯ ಒಂದು ದೊಡ್ಡ ಮನೆ, ಅಷ್ಟೇ. ಲುಡ್ವಿಗ್‌ಸ್ಟೈನ್ ಒಳಗೆ ಕಾಲಿಟ್ಟ ದಿನ ನನಗೆ ನೆನಪಾದದ್ದು ಮಲೆನಾಡಿನ ತೊಟ್ಟಿಮನೆ. ನಡುವೆ ತೆರೆದ ಅಂಗಳ, ಸುತ್ತ ನಾಲ್ಕು ಕಡೆ ಕಟ್ಟಡ. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳಲ್ಲಿ ಮರದ ತೊಲೆಗಳ ಚೌಕಟ್ಟಿಗೆ ಗೋಡೆ ತುಂಬಿದ ಕಟ್ಟಡ. ಅಂಗಳದಲ್ಲಿ ಯಾರಾದರೂ ಕೂಗಿದರೆ ಎಲ್ಲ ಕೋಣೆಗಳಿಗೂ ಕೇಳಿಸುತ್ತದೆ. ಒಂದು ಮೂಲೆಯಲ್ಲಿ ಗುಂಡನೆಯ ಗೋಪುರ. ಅತ್ತೆಯವರಿಗೆ ‘ತೊಟ್ಟಿಮನೆಯಲ್ಲಿ ಮಲಗುತ್ತಾಳೆ’ ಎಂದು ಹೇಳಿ. ಅದು ಸುಳ್ಳಲ್ಲ.

ಈ ಕೋಟೆ 1415ರದು. ಹೆಸ್ಸೆಯ (ಈಗ ಫ್ರಾಂಕ್‌ಫರ್ಟ್ ಇರುವ ರಾಜ್ಯದ ಹೆಸರೂ ಅದೇ) ದೊರೆ ಒಂದನೆಯ ಲುಡ್ವಿಗ್‌ನ ಹೆಸರಿನಲ್ಲಿ ಕಟ್ಟಿದ್ದು. ಅವನು ಹುಟ್ಟಿದ್ದು 1402ರಲ್ಲಿ. ಅಂದರೆ ತನ್ನ ಹೆಸರಿನ ಕೋಟೆಗೆ ಕಲ್ಲು ಬೀಳುವಾಗ ಅವನಿಗೂ ನಿಮ್ಮ ಮಗಳ ವಯಸ್ಸು, 13. ಇದನ್ನು ಅವಳಿಗೆ ಹೇಳಿ, ಖಂಡಿತ ಇಷ್ಟಪಡುತ್ತಾಳೆ. ವೆರ್ರಾ ನದಿಯ ಆಚೆ ದಡದ ಗುಡ್ಡದ ಮೇಲೆ ಹಾನ್‌ಸ್ಟೈನ್ ಮನೆತನದವರ ಕೋಟೆ ಮೊದಲೇ ಇತ್ತು. ಅವರ ಮೇಲೆ ಒಂದು ಕಣ್ಣಿಡಲು, ಗಡಿ ಕಾಯಲು ಈಚೆ ದಡದಲ್ಲಿ ಇದನ್ನು ಎಬ್ಬಿಸಿದರು. ಇವತ್ತಿಗೂ ಒಂದರ ಗೋಪುರದಿಂದ ಇನ್ನೊಂದು ನೇರ ಕಾಣುತ್ತದೆ. ಈ ನೋಟವೇ ಈ ಜಾಗದ ಜೀವ. ನೀವು ಹೋದಾಗ ಬೇರೇನನ್ನು ಬಿಟ್ಟರೂ ಗೋಪುರ ಹತ್ತುವುದನ್ನು ಬಿಡಬೇಡಿ.

ಇನ್ನು, ಮಕ್ಕಳನ್ನು ಕೋಟೆಯಲ್ಲಿ ಮಲಗಿಸುವ ಈ ಪದ್ಧತಿ ಎಲ್ಲಿಂದ ಬಂತು ಎಂದು ನೀವು ಕೇಳಿಲ್ಲ. ಆದರೆ ಅದು ಗೊತ್ತಾದರೆ ನಿಮ್ಮ ಅರ್ಧ ಭಯ ಕಡಿಮೆಯಾದೀತು. ಜರ್ಮನಿಯ ಪಶ್ಚಿಮದ ಆಲ್ಟೆನಾ ಎಂಬ ಊರಿನಲ್ಲಿ ರಿಚರ್ಡ್ ಶಿರ್‌ಮಾನ್ ಎಂಬ ಶಾಲಾ ಮೇಷ್ಟ್ರಿದ್ದರು. ಕಾರ್ಖಾನೆಗಳ ಹೊಗೆಯಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ಬಯಲಿಗೆ ಕರೆದೊಯ್ದು ಪಾಠ ಹೇಳುವ ಹಂಬಲ ಅವರದು. 1909ರ ಆಗಸ್ಟ್ 26ರಂದು ಮಕ್ಕಳ ಜೊತೆ ಆಲ್ಟೆನಾದಿಂದ ಆಖನ್ ಕಡೆಗೆ ಹಲವು ದಿನಗಳ ಕಾಲ್ನಡಿಗೆಯಲ್ಲಿದ್ದಾಗ, ಬ್ರ್ಯೋಲ್ ಎಂಬ ಕಣಿವೆಯಲ್ಲಿ ಗುಡುಗುಮಳೆಗೆ ಸಿಕ್ಕಿಬಿದ್ದರು. ಮಕ್ಕಳಿಗೆ ಕೊನೆಗೆ ಆಸರೆಯಾದದ್ದು ಹಳ್ಳಿಯ ಒಂದು ಶಾಲೆ. ತರಗತಿಯ ನೆಲಕ್ಕೆ ಹುಲ್ಲು ಹಾಸಿ ಮಲಗಿದರು. ಆ ರಾತ್ರಿ ನಿದ್ದೆ ಬಾರದ ಮೇಷ್ಟ್ರಿಗೆ ಹೊಳೆದದ್ದು ಇಷ್ಟು: ರಜೆಯಲ್ಲಿ ದೇಶದ ಶಾಲೆಗಳೆಲ್ಲ ಖಾಲಿ ಬಿದ್ದಿರುತ್ತವೆ, ಒಂದು ದಿನದ ನಡಿಗೆಗೆ ಒಂದರಂತೆ ಮಕ್ಕಳಿಗೆ ತಂಗುದಾಣ ಯಾಕಿರಬಾರದು? ಕೆಲವೇ ವರ್ಷಗಳಲ್ಲಿ, 1914ರ ಹೊತ್ತಿಗೆ, ಆಲ್ಟೆನಾದ ಕೋಟೆಯಲ್ಲೇ ಕಾಯಂ ತಂಗುದಾಣವಾಯಿತು. ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ಅದು. ಆ ಕಾಲದ ಭಾರೀ ಮರದ ಮಂಚಗಳಿರುವ ಮಲಗುವ ಕೋಣೆಯನ್ನು ಈಗಲೂ ಅಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ನಮ್ಮ ದೇಶದಲ್ಲಿ ಚಾರಣ ಮಾಡುವವರಿಗೆ ಗೊತ್ತಿರುವ ಯೂತ್ ಹಾಸ್ಟೆಲ್‌ಗಳ ಮೂಲವೂ ಆ ಮಳೆಯ ರಾತ್ರಿಯೇ. ನಿಮ್ಮ ಮಗಳಿಗೆ ಸಿಗಲಿರುವ ಮೇಲಿನ ಮಂಚದ ಹಿಂದೆ ಹೀಗೆ ಒಬ್ಬ ಮೇಷ್ಟ್ರ ಕಾಳಜಿಯಿದೆ.

ಲುಡ್ವಿಗ್‌ಸ್ಟೈನ್‌ನ ಕಥೆ ಇದರ ಮಗ್ಗುಲಲ್ಲೇ ಇದ್ದರೂ ಬೇರೆ. ಇಲ್ಲಿ ಕೋಟೆಯನ್ನು ಪಡೆದುಕೊಂಡವರು ಎಳೆಯರೇ. 1901ರಲ್ಲಿ ಬರ್ಲಿನ್ ಮಗ್ಗುಲಿನ ಷ್ಟೆಗ್ಲಿಟ್ಸ್‌ನಲ್ಲಿ ಹುಟ್ಟಿದ ‘ವಾಂಡರ್‌ಫೋಗೆಲ್’ ಎಂಬ ಬಳಗವಿತ್ತು. ಹೆಸರಿನ ಅರ್ಥ ಅಲೆಯುವ ಹಕ್ಕಿ. ಶಾಲಾ ಹುಡುಗರು ಗಿಟಾರ್ ಹೆಗಲಿಗೇರಿಸಿ, ಹಾಡು ಕಟ್ಟಿ, ಕಾಡುಮೇಡು ಸುತ್ತಿ, ಬೆಂಕಿಯ ಸುತ್ತ ಕುಳಿತು ರಾತ್ರಿ ಕಳೆಯುತ್ತಿದ್ದರು. 1913ರ ಅಕ್ಟೋಬರ್‌ನಲ್ಲಿ ಇಂಥ ಹಲವು ಬಳಗಗಳ ಎರಡು ಸಾವಿರಕ್ಕೂ ಹೆಚ್ಚು ಮಂದಿ ಇದೇ ಸೀಮೆಯ ಹೋಹರ್ ಮೈಸ್ನರ್ ಬೆಟ್ಟದ ಮೇಲೆ ಸೇರಿ, ತಮ್ಮ ಬದುಕನ್ನು ತಾವೇ ರೂಪಿಸಿಕೊಳ್ಳುತ್ತೇವೆ ಎಂದು ಸಾರಿದರು. ಮರುವರ್ಷವೇ ಮೊದಲ ಮಹಾಯುದ್ಧ. ಆ ಬೆಟ್ಟದ ಮೇಲೆ ಹಾಡಿದ ಎಷ್ಟೋ ಮಂದಿ ಮರಳಿ ಬರಲಿಲ್ಲ. ಉಳಿದವರಲ್ಲೊಬ್ಬನಾದ ಎನ್ನೋ ನಾರ್ಟನ್ ಮುಂದೆ ನಿಂತು, ಸತ್ತ ಗೆಳೆಯರ ನೆನಪಿಗೆ ಮತ್ತು ಬದುಕಿರುವ ಎಳೆಯರ ಮನೆಯಾಗಲೆಂದು, 1920ರಲ್ಲಿ ಹಾಳುಬಿದ್ದಿದ್ದ ಈ ಕೋಟೆಯನ್ನು ತಮ್ಮದಾಗಿಸಿಕೊಂಡರು. ಅಂದಿನಿಂದ ಅದು ಎಳೆಯರ ಕೋಟೆ. ಜರ್ಮನ್ ಯುವಚಳವಳಿಯ ದಾಖಲೆಗಳ ಸಂಗ್ರಹಾಲಯವೂ ಈ ಗೋಡೆಗಳ ಒಳಗೇ ಇದೆ.

ಈ ಚರಿತ್ರೆಯನ್ನು ಬರೀ ಚಂದದ ಕಥೆಯಾಗಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಪಾಸ್‌ಪೋರ್ಟಿನ ಬಣ್ಣ, ಮೈಬಣ್ಣ ಎರಡೂ ಬೇರೆಯಾಗಿರುವ ನಮ್ಮ ಮಕ್ಕಳಿಗೆ ಇದರ ಕತ್ತಲ ಭಾಗವೂ ಗೊತ್ತಿರಬೇಕು. ಸ್ವಾತಂತ್ರ್ಯದ ಹಾಡು ಹಾಡಿದ ಅದೇ ವಾಂಡರ್‌ಫೋಗೆಲ್‌ನ ಕೆಲವು ಶಾಖೆಗಳು 1913ರ ಹೊತ್ತಿಗೇ ಯಹೂದಿ ಮಕ್ಕಳಿಗೆ ಬಾಗಿಲು ಮುಚ್ಚಿದ್ದವು. ಯಹೂದಿ ಎಳೆಯರು ‘ನೀಲಿ-ಬಿಳಿ’ ಎಂಬ ತಮ್ಮದೇ ನಡಿಗೆಯ ಬಳಗವನ್ನು ಕಟ್ಟಿಕೊಳ್ಳಬೇಕಾಯಿತು. 1933ರಲ್ಲಿ ನಾಜಿಗಳು ಬಂದ ಮೇಲೆ ಸ್ವತಂತ್ರ ಬಳಗಗಳಿಗೆ ಉಳಿಗಾಲವಿರಲಿಲ್ಲ; ದೇಶದ ಯೂತ್ ಹಾಸ್ಟೆಲ್‌ಗಳೆಲ್ಲ ಹಿಟ್ಲರನ ಯುವದಳದ ಕೈಸೇರಿದವು. ಶಿರ್‌ಮಾನ್ ಮೇಷ್ಟ್ರನ್ನೂ ಬದಿಗೆ ಸರಿಸಿದರು. ಒಳ್ಳೆಯ ಶಿಕ್ಷಕರು ಮಕ್ಕಳಿಗೆ ಇದನ್ನೂ ಹೇಳುತ್ತಾರೆ. ನಿಮ್ಮ ಮಗಳ ಶಾಲೆಯವರು ಹೇಳುತ್ತಾರೋ ಇಲ್ಲವೋ ಎಂದು ಪೋಷಕರ ಸಭೆಯಲ್ಲಿ ಕೇಳಿ. ಅದು ಕೇಳತಕ್ಕ ಪ್ರಶ್ನೆ.

ಈಗ ನಿಮ್ಮ ಭೇಟಿಯ ವಿಷಯ. ಏಪ್ರಿಲ್ ಕೊನೆಯ ಒಂದು ಶನಿವಾರ ಇಟ್ಟುಕೊಳ್ಳಿ. ಕೋಟೆಯ ಕೆಳಗಿನ ವಿಟ್ಸೆನ್‌ಹೌಸೆನ್ ಚೆರ್ರಿ ಹಣ್ಣಿನ ಊರು. ಆಗ ಗುಡ್ಡದ ಇಳಿಜಾರುಗಳೆಲ್ಲ ಬಿಳಿ ಹೂವು ಹೊದ್ದು ನಿಂತಿರುತ್ತವೆ. ಫ್ರಾಂಕ್‌ಫರ್ಟ್‌ನಿಂದ ಕಾಸೆಲ್‌ವರೆಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಗ್ಯೋಟಿಂಗನ್ ಕಡೆಗೆ ಹೋಗುವ ಸಣ್ಣ ರೈಲು ಹಿಡಿದರೆ ಒಂದು ಗಂಟೆಯೊಳಗೆ ವಿಟ್ಸೆನ್‌ಹೌಸೆನ್. ಕೋಟೆಯ ಬುಡದ ಹಳ್ಳಿ ವೆಂಡರ್ಸ್‌ಹೌಸೆನ್. ವಾರಾಂತ್ಯದಲ್ಲಿ ಹಳ್ಳಿಯ ಬಸ್ಸುಗಳು ವಿರಳ, ಮರಳುವ ಬಸ್ಸಿನ ಸಮಯವನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಹೋಗುವ ಮುನ್ನ ಕೋಟೆಗೆ ಫೋನ್ ಮಾಡಿ, ‘ನಮ್ಮ ಮಗಳ ತರಗತಿ ಇಲ್ಲಿಗೆ ಬರಲಿದೆ, ಒಮ್ಮೆ ಒಳಗೆ ನೋಡಬಹುದೇ’ ಎಂದು ನೇರವಾಗಿ ಕೇಳಿ. ನಾನು ನೋಡಿದ ಮಟ್ಟಿಗೆ ಇಂಥ ಜಾಗಗಳಲ್ಲಿ ಈ ಮಾತಿಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಬೇರೆ ಗುಂಪು ತಂಗಿದ್ದರೆ ಮಲಗುವ ಕೋಣೆಗಳನ್ನು ತೋರಿಸಲಾರರು, ಅಷ್ಟೇ.

ಏನನ್ನು ನೋಡಬೇಕು ಎಂದು ಕೇಳಿದ್ದೀರಿ. ಹೆಚ್ಚಿನ ಪೋಷಕರು ಹಾಸಿಗೆ ಮುಟ್ಟಿ ನೋಡುತ್ತಾರೆ, ಶೌಚಾಲಯದ ನೆಲ ನೋಡುತ್ತಾರೆ. ನೋಡಿ, ತಪ್ಪಿಲ್ಲ. ಆದರೆ ಅದಕ್ಕಿಂತ ಮುಖ್ಯವಾದದ್ದು ದಾರಿಗಳು. ಮಲಗುವ ಕೋಣೆಯಿಂದ ಶೌಚಾಲಯಕ್ಕೆ ರಾತ್ರಿ ಹೇಗೆ ಹೋಗಬೇಕು? ಹಳೆಯ ಕಟ್ಟಡಗಳಲ್ಲಿ ಅದು ಕೆಲವೊಮ್ಮೆ ಉದ್ದನೆಯ ಓಣಿಯ ಆ ತುದಿಯಲ್ಲೋ ಒಂದು ಮೆಟ್ಟಿಲಿನ ಕೆಳಗೋ ಇರುತ್ತದೆ. ರಾತ್ರಿ ಎದ್ದು ಹೋಗಲು ಹೆದರಿ ಬೆಳಗಿನವರೆಗೆ ತಡೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಹಗಲಿನಲ್ಲಿ ಒಮ್ಮೆ ತಾಯಿಯ ಜೊತೆ ನಡೆದ ಓಣಿ ರಾತ್ರಿ ಅಷ್ಟು ಹೆದರಿಸುವುದಿಲ್ಲ. ಶಿಕ್ಷಕರ ಕೋಣೆ ಎಲ್ಲಿರುತ್ತದೆ, ರಾತ್ರಿ ಹೊರಬಾಗಿಲು ಹಾಕುವವರು ಯಾರು, ಬೆಂಕಿ ಬಿದ್ದರೆ ಹೊರಬರುವ ಹಾದಿ ಯಾವುದು, ಇವುಗಳನ್ನು ಕೇಳಿ ತಿಳಿದುಕೊಳ್ಳಿ. ಆ ಹಾದಿಯಲ್ಲಿ ಮಗಳನ್ನು ಒಮ್ಮೆ ನಡೆಸಿ. ಹಳೆಯ ಕಲ್ಲುಮೆಟ್ಟಿಲುಗಳು ಸವೆದು ನಯವಾಗಿರುತ್ತವೆ. ಒಳಗೆ ಹಾಕಿಕೊಳ್ಳಲು ಜಾರದ ಅಡಿಯ ಚಪ್ಪಲಿ ಬೇಕೇ ಬೇಕು. ದಪ್ಪ ಗೋಡೆಯ ಕೋಣೆಗಳು ಬೇಸಿಗೆಯಲ್ಲೂ ತಣ್ಣಗಿರುವುದರಿಂದ ಸೆಪ್ಟೆಂಬರ್‌ಗೆ ಉಣ್ಣೆಯ ಸ್ವೆಟರ್, ಕಾಲುಚೀಲ ಇಡಿ.

ಮುಖ್ಯ ಕೋಟೆಯ ಮಗ್ಗುಲಲ್ಲಿ ಎನ್ನೋ ನಾರ್ಟನ್ ಹೆಸರಿನ ಹೊಸ ಕಟ್ಟಡವೊಂದಿದೆ. ಹುಲ್ಲಿನ ಪಿಂಡಿ ಜೋಡಿಸಿ, ಮಣ್ಣು ಮೆತ್ತಿ ಎಬ್ಬಿಸಿದ ಗೋಡೆಗಳು ಅದರವು, ಎಳೆಯರೇ ಬಂದು ಶ್ರಮದಾನ ಮಾಡಿ ಕಟ್ಟಿದ್ದು. ನಮ್ಮ ಅಜ್ಜಿಯ ಮನೆಯ ಮಣ್ಣುಗೋಡೆಯನ್ನು ಮುಟ್ಟಿದಷ್ಟು ಖುಷಿ ನನಗಾಯಿತು. ಹುಲ್ಲು ಮತ್ತು ಮಣ್ಣು ಚಳಿ, ಶಾಖ ಎರಡನ್ನೂ ತಡೆಯುತ್ತವೆ ಎಂಬ ಅರಿವು ಎರಡೂ ನಾಡುಗಳ ಹಳ್ಳಿಗರಿಗೆ ಮೊದಲಿನಿಂದಲೂ ಇತ್ತಲ್ಲವೇ.

ಸಮಯವಿದ್ದರೆ ವೆರ್ರಾ ದಾಟಿ ಹಾನ್‌ಸ್ಟೈನ್‌ಗೂ ನಡೆಯಿರಿ. ಇಳಿದು ಹತ್ತುವ ದಾರಿ, ಆದ್ದರಿಂದ ಒಳ್ಳೆಯ ಬೂಟು ಇರಲಿ. ಈ ನಡಿಗೆಯಲ್ಲಿ ಮಗಳಿಗೆ ಹೇಳಲು ಒಂದು ನಿಜ ಕಥೆಯಿದೆ. ಎರಡನೆಯ ಮಹಾಯುದ್ಧದ ನಂತರ ಈ ಕಣಿವೆಯ ಈಚೆಗೆ ಅಮೆರಿಕನ್ನರು, ಆಚೆಗೆ ರಷ್ಯನ್ನರು. ಬೆಬ್ರಾದಿಂದ ಗ್ಯೋಟಿಂಗನ್‌ಗೆ ಹೋಗುವ ರೈಲುಹಳಿ ಸುಮಾರು ನಾಲ್ಕು ಕಿಲೋಮೀಟರ್ ದೂರ ರಷ್ಯನ್ನರ ಪಾಲಿನ ನೆಲದಲ್ಲಿ ಹಾದುಹೋಗುತ್ತಿತ್ತು. ದಿನವೂ ತಕರಾರು. ಕೊನೆಗೆ 1945ರ ಸೆಪ್ಟೆಂಬರ್ 17ರಂದು ವಾನ್‌ಫ್ರೀಡ್ ಎಂಬ ಊರಿನಲ್ಲಿ ಎರಡೂ ಕಡೆಯ ಸೇನಾಧಿಕಾರಿಗಳು ಕುಳಿತು ಹಳ್ಳಿಗಳನ್ನೇ ಅದಲುಬದಲು ಮಾಡಿಕೊಂಡರು. ಕೋಟೆಯ ಕೆಳಗೆ ಕಾಣುವ ವೆರ್ಲೆಸ್‌ಹೌಸೆನ್ ಅಮೆರಿಕದ ಪಾಲಿಗೆ ಬಂತು, ಬೇರೆ ಕೆಲವು ಹಳ್ಳಿಗಳು ಆಚೆಗೆ ಹೋದವು. ಅಧಿಕಾರಿಗಳು ಬಾಟಲಿ ಬದಲಾಯಿಸಿಕೊಂಡರೆಂದು ಜನ ಆ ಗೆರೆಗೆ ‘ವಿಸ್ಕಿ-ವೋಡ್ಕಾ ಗೆರೆ’ ಎಂದು ಹೆಸರಿಟ್ಟರು. ಒಂದು ಸಹಿಯಿಂದ ಒಂದು ಹಳ್ಳಿಯ ಮಕ್ಕಳು ಒಂದು ದೇಶಕ್ಕೆ, ಪಕ್ಕದ ಹಳ್ಳಿಯವರು ಇನ್ನೊಂದಕ್ಕೆ. ಮುಂದೆ ಈಚೆಯದು ಪಶ್ಚಿಮ ಜರ್ಮನಿ, ಆಚೆಯದು ಪೂರ್ವ ಜರ್ಮನಿಯಾಗಿ ನಡುವೆ ಬೇಲಿ ಬಿತ್ತು. ಹಾನ್‌ಸ್ಟೈನ್‌ನ ಗೋಪುರ ಪೂರ್ವ ಜರ್ಮನಿಯ ಗಡಿ ಸೈನಿಕರ ಕಾವಲು ಕಟ್ಟೆಯಾಯಿತು. ಲುಡ್ವಿಗ್‌ಸ್ಟೈನ್‌ನಲ್ಲಿ ಹಾಡುತ್ತಿದ್ದ ಮಕ್ಕಳನ್ನು ಆ ಗೋಪುರದಿಂದ ದುರ್ಬೀನು ನೋಡುತ್ತಿತ್ತು. 1989ರ ನಂತರ ಬೇಲಿ ಹೋಯಿತು. ಸುಮಾರು 1,400 ಕಿಲೋಮೀಟರ್ ಉದ್ದದ ಆ ಗಡಿಪಟ್ಟಿ ಈಗ ಹಕ್ಕಿ, ಚಿಟ್ಟೆ, ಕಾಡುಹೂಗಳ ಹಸಿರು ಪಟ್ಟಿ. ಬೇಲಿಯ ಒಂದು ತುಂಡನ್ನು ಹತ್ತಿರದ ಷಿಫ್ಲರ್ಸ್‌ಗ್ರುಂಡ್ ಗಡಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಶಾಲೆಗಳು ಈ ಕೋಟೆಯನ್ನು ಆರಿಸಿಕೊಳ್ಳಲು ಇದೂ ಒಂದು ಬಲವಾದ ಕಾರಣ. ಪಠ್ಯಪುಸ್ತಕದ ಗಡಿ ಬೇರೆ, ಕಾಲಡಿಯಲ್ಲಿ ದಾಟುವ ಗಡಿ ಬೇರೆ.

ಮರಳುವಾಗ ವಿಟ್ಸೆನ್‌ಹೌಸೆನ್‌ನಲ್ಲಿ ಒಂದು ಗಂಟೆ ಉಳಿಸಿಕೊಳ್ಳಿ. ಕಾಸೆಲ್ ವಿಶ್ವವಿದ್ಯಾಲಯದ ಸಾವಯವ ಕೃಷಿ ವಿಭಾಗ ಇಲ್ಲಿದೆ, ಅದಕ್ಕೆ ಸೇರಿದ ಗಾಜಿನ ಮನೆಯಲ್ಲಿ ಕಾಫಿ, ಕೋಕೋದಂಥ ಉಷ್ಣವಲಯದ ಗಿಡಗಳಿವೆ. ಜರ್ಮನಿಯ ಚಳಿಯ ನಡುವೆ ಕಾಫಿ ಗಿಡ ಕಂಡಾಗ ಚಿಕ್ಕಮಗಳೂರು, ಕೊಡಗಿನವರಿಗೆ ಗಂಟಲು ಕಟ್ಟುತ್ತದೆ. ಗಾಜಿನ ಮನೆ ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿ ಹೋಗಿ. ಇದರ ಬೇರು ವಸಾಹತುಗಳಿಗೆ ಹೋಗುವವರಿಗೆ ಕೃಷಿ ಕಲಿಸಲು 1898ರಲ್ಲಿ ಸ್ಥಾಪಿಸಿದ ವಸಾಹತು ಶಾಲೆಯಲ್ಲಿದೆ. ಈಗಿನ ನಂಟು ಬೇರೆ ತೆರನದು: ಬೆಂಗಳೂರು ಬೆಳೆದಂತೆ ಅದರ ಅಂಚಿನ ಹಳ್ಳಿಗಳ ಬೇಸಾಯ, ಹೈನು, ನೀರು ಏನಾಗುತ್ತಿವೆ ಎಂದು ಕಾಸೆಲ್ ಮತ್ತು ಗ್ಯೋಟಿಂಗನ್ ವಿಶ್ವವಿದ್ಯಾಲಯಗಳು 2016ರಿಂದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ದೊಡ್ಡ ಅಧ್ಯಯನ ನಡೆಸಿದವು. ಆದ್ದರಿಂದ ಈ ಪುಟ್ಟ ಊರಿನ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ.

ಊಟದ ವಿಷಯದಲ್ಲಿ ನಿಮ್ಮ ಚಿಂತೆ ನ್ಯಾಯವಾದದ್ದು, ಆದರೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಸಸ್ಯಾಹಾರ ಇಲ್ಲಿ ಈಗ ಹೊಸದಲ್ಲ. ತೊಡಕು ಇರುವುದು ಪದದಲ್ಲಿ. ಶಾಲೆಯ ಅರ್ಜಿಯಲ್ಲಿ ‘ಸಸ್ಯಾಹಾರಿ’ ಎಂಬ ಚೌಕಕ್ಕೆ ಗುರುತು ಹಾಕಿದರೆ, ಜರ್ಮನರ ಲೆಕ್ಕದಲ್ಲಿ ಮೊಟ್ಟೆ ಒಳಗೊಂಡಂತೆಯೇ ಸಸ್ಯಾಹಾರ. ಆದ್ದರಿಂದ ಖಾಲಿ ಜಾಗದಲ್ಲಿ ‘ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ; ಹಾಲು, ಮೊಸರು, ಬೆಣ್ಣೆ ಆಗುತ್ತದೆ’ ಎಂದು ಬಿಡಿಸಿ ಬರೆಯಿರಿ. ತರಕಾರಿ ಸೂಪ್ ಎಂದು ಬರುವುದರಲ್ಲಿ ಮಾಂಸ ಬೇಯಿಸಿದ ಸಾರಿನ ಪುಡಿ ಇರಬಹುದು. ಅಂಟಂಟಾದ ಬಣ್ಣಬಣ್ಣದ ಮಿಠಾಯಿ ಮತ್ತು ಕೆಲವು ಸಿಹಿತಿನಿಸುಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಮೂಳೆ ಚರ್ಮಗಳಿಂದ ಬರುವುದು. ಪ್ಯಾನ್‌ಕೇಕ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಈ ಮೂರನ್ನೂ ಮಗಳಿಗೇ ಹೇಳಿಕೊಡಿ. ‘ಇದರಲ್ಲಿ ಮೊಟ್ಟೆ ಇದೆಯೇ’ ಎಂದು ಅಡುಗೆಯವರನ್ನು ಜರ್ಮನ್‌ನಲ್ಲಿ ಕೇಳುವ ಒಂದು ವಾಕ್ಯ ಅವಳ ನಾಲಗೆಯ ಮೇಲಿರಲಿ. 13 ವರ್ಷದ ಹುಡುಗಿ ಅದನ್ನು ನಿಮಗಿಂತ ಸಲೀಸಾಗಿ ಕೇಳುತ್ತಾಳೆ.

ಸಂಜೆಯ ಊಟ ಬಹುಮಟ್ಟಿಗೆ ತಣ್ಣಗಿನ ಬ್ರೆಡ್, ಚೀಸ್, ಸೌತೆಕಾಯಿ, ಟೊಮ್ಯಾಟೊ, ಜೊತೆಗೆ ಹಣ್ಣಿನ ವಾಸನೆಯ ಕೆಂಪು ಚಹಾ. ರಾತ್ರಿ ಬಿಸಿ ಅನ್ನ ಸಾರಿಗೆ ಒಗ್ಗಿದ ಹೊಟ್ಟೆಗೆ ಮೊದಲ ಎರಡು ದಿನ ಇದು ಊಟ ಎನಿಸುವುದೇ ಇಲ್ಲ. ಇದನ್ನು ಮೊದಲೇ ಹೇಳಿಟ್ಟರೆ ಅವಳು ಮಧ್ಯಾಹ್ನ ಬಿಸಿಯಾದದ್ದನ್ನು ಹೊಟ್ಟೆ ತುಂಬ ತಿನ್ನುತ್ತಾಳೆ. ಒಂದು ಪುಟ್ಟ ಡಬ್ಬಿಯಲ್ಲಿ ಚಟ್ನಿಪುಡಿ ಹಾಕಿಕೊಡಿ. ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡ ಒಬ್ಬ ಹುಬ್ಬಳ್ಳಿಯ ಹುಡುಗನ ಸುತ್ತ ಇಡೀ ಮೇಜು ಕೈ ಚಾಚಿದ್ದನ್ನು ನೋಡಿದ್ದೇನೆ. ತರಗತಿಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿ. ಇದ್ದರೆ ಪುಟಾಣಿಯ (ಹುರಿಗಡಲೆಯ) ಚಟ್ನಿಪುಡಿ ಕಳುಹಿಸಿ. ಎಣ್ಣೆ ಉಪ್ಪಿನಕಾಯಿ ಬೇಡ, ಬಟ್ಟೆಯೆಲ್ಲ ಹಾಳಾಗುತ್ತದೆ.

ತಿಂಡಿಯನ್ನು ಕಿಟಕಿಯ ಬಳಿ ಇಡಬೇಡ ಎಂದೂ ಹೇಳಿ. ಈ ಸೀಮೆಯಲ್ಲಿ ರಕೂನ್‌ಗಳ ಕಾಟ ಬಹಳ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತೆ ಕಾಣುವ, ಕೈಬೆರಳು ಚುರುಕಾದ ಈ ಅಮೆರಿಕದ ಪ್ರಾಣಿಯನ್ನು 1934ರಲ್ಲಿ ಇದೇ ಹೆಸ್ಸೆಯ ಎಡರ್ ಜಲಾಶಯದ ಬಳಿ ಎರಡು ಜೋಡಿ ತಂದು ಬಿಟ್ಟರು. ಈಗ ಕಾಸೆಲ್ ಸುತ್ತಮುತ್ತ ಮನೆಯ ಮಾಡಿನಲ್ಲೂ ಅವು ಸಂಸಾರ ಹೂಡಿವೆ. ಮನುಷ್ಯರ ಮೇಲೆ ಬೀಳುವುದಿಲ್ಲ, ಆದರೆ ಮುಟ್ಟಲು ಹೋಗಬಾರದು.

ಕಾಡಿನಲ್ಲಿ ನಾನು ನಿಜವಾಗಿ ಹೆದರುವುದು ದೊಡ್ಡ ಪ್ರಾಣಿಗಳಿಗಲ್ಲ, ಉಣ್ಣೆಹುಳುವಿಗೆ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ. ಇಲ್ಲಿಯ ಉಣ್ಣೆಗಳು ಎರಡು ಕಾಯಿಲೆ ತರಬಲ್ಲವು. ಒಂದು ಮೆದುಳು ಪೊರೆಗೆ ತಗಲುವ ವೈರಸ್, ಅದಕ್ಕೆ ಲಸಿಕೆ ಇದೆ. ಹಲವು ತಿಂಗಳುಗಳಲ್ಲಿ ಹಂತಹಂತವಾಗಿ ಹಾಕಿಸಬೇಕಾದ್ದರಿಂದ, ಬೇಕೇ ಬೇಡವೇ ಎಂದು ಈಗಲೇ ಮಕ್ಕಳ ವೈದ್ಯರನ್ನು ಕೇಳಿ. ಅಪಾಯದ ಜಿಲ್ಲೆಗಳ ನಕ್ಷೆಯನ್ನು ಇಲ್ಲಿಯ ಸರ್ಕಾರಿ ಆರೋಗ್ಯ ಸಂಸ್ಥೆಯಾದ ರಾಬರ್ಟ್ ಕಾಖ್ ಸಂಸ್ಥೆ ಪ್ರತಿ ವರ್ಷ ಹೊಸದಾಗಿ ಕೊಡುತ್ತದೆ. ಇನ್ನೊಂದು ಲೈಮ್ ಕಾಯಿಲೆ. ಅದು ದೇಶದ ಎಲ್ಲ ಕಡೆ ಇದೆ, ಅದರಿಂದ ಕಾಯುವುದು ಕಣ್ಣು ಮತ್ತು ಕೈ. ಕಾಡಿನಲ್ಲಿ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದ ಒಳಗೆ. ಸಂಜೆ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ಕಂಕುಳು, ತೊಡೆಸಂದು, ಹೊಕ್ಕುಳ ಸುತ್ತ, ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ತಾನೇ ನೋಡಿಕೊಳ್ಳುವುದನ್ನು ಮಗಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿ. ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆಯೂ ಉಣ್ಣೆಯಾಗಿರಬಹುದು. ಕಂಡರೆ ಕೂಡಲೇ ಶಿಕ್ಷಕರಿಗೆ ಹೇಳಬೇಕು. ಎಣ್ಣೆ, ಸುಣ್ಣ ಹಚ್ಚದೆ, ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆದು ತೆಗೆಯಬೇಕು. ಲೈಮ್ ರೋಗಾಣು ದಾಟಲು ಸಾಮಾನ್ಯವಾಗಿ ಹಲವು ಗಂಟೆಗಳು ಬೇಕು, ಅದಕ್ಕೇ ಅದೇ ಸಂಜೆ ತೆಗೆಯುವುದು ಅಷ್ಟು ಮುಖ್ಯ. ಮನೆಗೆ ಬಂದ ಮೇಲೆ ಕೆಲವು ವಾರ ಆ ಜಾಗದ ಮೇಲೆ ಕಣ್ಣಿಡಿ. ಕೆಂಪು ವರ್ತುಲ ಅಗಲವಾಗುತ್ತ ಹೋದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ರಾತ್ರಿ ನಡಿಗೆಯ ಬಗ್ಗೆ ನಿಮಗೆ ಅಂಜಿಕೆ ಇದೆ. ಅದನ್ನು ತಪ್ಪಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಶಿಕ್ಷಕರೊಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಮಕ್ಕಳ ಸಾಲು. ಹಗಲಿನಲ್ಲಿ ಒಮ್ಮೆ ನಡೆದ ದಾರಿಯಲ್ಲೇ ಹೋಗುತ್ತಾರೆ. ಒಂದು ಕಡೆ ಟಾರ್ಚುಗಳನ್ನೆಲ್ಲ ಆರಿಸಿ ನಿಲ್ಲಿಸುತ್ತಾರೆ. ಮೊದಲು ಪಿಸುಮಾತು, ಕಿಲಕಿಲ, ಯಾರೋ ಹೆದರಿಸುವುದು. ಐದು ನಿಮಿಷ ಕಳೆದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ಬೀಚ್ ಮರಗಳ ನಯವಾದ ಬೂದು ಕಾಂಡಗಳು ಒಂದೊಂದಾಗಿ ಎದ್ದು ಕಾಣುತ್ತವೆ, ಎಲ್ಲೋ ಗೂಬೆ ಕೂಗುತ್ತದೆ. ಆಗ ಬೀಳುವ ಮೌನವನ್ನು ನಾನು ಪ್ರತಿ ಸಲವೂ ಕಾದು ಕೇಳಿದ್ದೇನೆ. ನಗರದಲ್ಲಿ ಬೆಳೆದ ಮಕ್ಕಳಿಗೆ ನಿಜವಾದ ಕತ್ತಲು ಅದೇ ಮೊದಲು. ನಿಜಕ್ಕೂ ತುಂಬ ಹೆದರುವ ಮಗುವಾದರೆ ಶಿಕ್ಷಕರಿಗೆ ಮೊದಲೇ ಗುಟ್ಟಾಗಿ ತಿಳಿಸಿ. ಅವಳನ್ನು ತಮ್ಮ ಪಕ್ಕದಲ್ಲೇ ನಡೆಸಿಕೊಳ್ಳುತ್ತಾರೆ. ಮುಖವಾಡ ಹಾಕಿ ಮಕ್ಕಳನ್ನು ಬೆಚ್ಚಿಬೀಳಿಸುವ ಆಟಗಳನ್ನು ಕೆಲವೆಡೆ ಇದರ ಜೊತೆ ಸೇರಿಸುತ್ತಾರೆ. ಅದು ನನಗೆ ಸರಿಬರುವುದಿಲ್ಲ. ಅಂಥದ್ದು ಇದೆಯೇ ಎಂದು ಕೇಳಿ, ಬೇಡವೆನ್ನುವ ಹಕ್ಕು ನಿಮಗಿದೆ.

ಹೆಣ್ಣುಮಕ್ಕಳ ತಾಯಂದಿರು ಕೇಳಲು ಸಂಕೋಚಪಡುವ ಮಾತೊಂದನ್ನು ನಾನೇ ಹೇಳಿಬಿಡುತ್ತೇನೆ. ಅವಳು ದೊಡ್ಡವಳಾಗಿರಲಿ, ಇನ್ನೂ ಆಗದಿರಲಿ, ಚೀಲದಲ್ಲಿ ಪ್ಯಾಡು, ಒಂದು ಜೊತೆ ಹೆಚ್ಚಿನ ಒಳಉಡುಪು, ಕಪ್ಪು ಬಣ್ಣದ ಪ್ಯಾಂಟು ಇರಲಿ. ಜೊತೆಗೆ ಹೋಗುವ ಶಿಕ್ಷಕಿಯ ಹೆಸರು ಅವಳಿಗೆ ಗೊತ್ತಿರಲಿ. ಹುಡುಗ ಹುಡುಗಿಯರಿಗೆ ಮಲಗುವ ಕೋಣೆಗಳು ಬೇರೆ ಬೇರೆ. ಬಚ್ಚಲಿಗೆ ಪರದೆಯೋ ಬಾಗಿಲೋ ಇದೆಯೇ ಎಂಬುದನ್ನು ನಿಮ್ಮ ಭೇಟಿಯಲ್ಲೇ ನೋಡಿಕೊಳ್ಳಿ. ಔಷಧಿ ಇದ್ದರೆ ಪ್ರಮಾಣ ಬರೆದು ಶಿಕ್ಷಕರ ಕೈಗೆ ಕೊಡಿ, ಮಗಳ ಚೀಲದಲ್ಲಿ ಬಚ್ಚಿಡಬೇಡಿ.

ಕಳುಹಿಸಲೇಬೇಕೇ ಎಂದಿದ್ದೀರಿ. ಕಳುಹಿಸದಿದ್ದರೆ ಆ ದಿನಗಳಲ್ಲಿ ಅವಳು ಸಾಮಾನ್ಯವಾಗಿ ಶಾಲೆಯ ಬೇರೆ ತರಗತಿಯಲ್ಲಿ ಕೂರಬೇಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮರುವಾರದ್ದು: ತರಗತಿಯೆಲ್ಲ ಕೋಟೆಯ ರಾತ್ರಿಗಳನ್ನು ನೆನೆಸಿ ನಗುವಾಗ ಅವಳೊಬ್ಬಳಿಗೆ ಆ ನೆನಪು ಇರುವುದಿಲ್ಲ. ಮೂರು ವರ್ಷದ ಹಿಂದೆ ಹೊಸ ಭಾಷೆಗೆ ಬಂದು ಬಿದ್ದ ಮಗುವಿಗೆ ಗೆಳೆತನ ಕೂಡಿಬರುವುದು ಪಾಠದ ಹೊತ್ತಿನಲ್ಲಲ್ಲ, ಒಟ್ಟಿಗೆ ಮೇಜು ಒರೆಸುವಾಗ, ಮೇಲಿನ ಮಂಚ ಯಾರಿಗೆ ಎಂದು ಜಗಳವಾಡುವಾಗ. ಹಣದ ತೊಂದರೆಯಿರುವ ಕುಟುಂಬಗಳಿಗೆ ಸರ್ಕಾರದ ನೆರವೂ ಇದೆ, ತರಗತಿ ಶಿಕ್ಷಕರನ್ನು ಕೇಳಿದರೆ ಗುಟ್ಟಾಗಿಯೇ ದಾರಿ ತೋರಿಸುತ್ತಾರೆ.

ಇನ್ನು ನಡುವೆ ಒಂದು ದಿನ ಹೋಗುವ ಮಾತು. ಹಲವು ವರ್ಷಗಳ ಹಿಂದೆ, ಬೇರೊಂದು ಕೋಟೆಯಲ್ಲಿ, ಒಬ್ಬ ತಂದೆ ಮೂರನೆಯ ದಿನ ಡಬ್ಬಿ ತುಂಬ ಬಿಸಿಬೇಳೆಬಾತ್ ಹಿಡಿದು ಬಂದರು. ಪ್ರೀತಿಯಿಂದಲೇ ಬಂದಿದ್ದರು. ಆವರೆಗೆ ಚೆನ್ನಾಗಿದ್ದ ಹುಡುಗ ತಂದೆಯನ್ನು ಕಂಡದ್ದೇ ಅತ್ತುಬಿಟ್ಟ. ಅವನನ್ನು ನೋಡಿ ಇನ್ನೂ ನಾಲ್ಕು ಮಕ್ಕಳಿಗೆ ಮನೆಯ ನೆನಪು ಉಕ್ಕಿತು. ತಂದೆ ಹೊರಟ ಮೇಲೆ ಅವನು ಆ ದಿನ ಯಾವ ಆಟಕ್ಕೂ ಸೇರಲಿಲ್ಲ. ಮನೆಯ ಹಂಬಲ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲೆರಡು ರಾತ್ರಿ ಏರಿ, ಮೂರನೆಯ ದಿನ ಇಳಿಯುತ್ತದೆ. ನಡುವೆ ನೀವು ಕಾಣಿಸಿಕೊಂಡರೆ ಲೆಕ್ಕ ಮತ್ತೆ ಮೊದಲಿನಿಂದ. ತುರ್ತು ಬಂದರೆ ಶಿಕ್ಷಕರೇ ಫೋನ್ ಮಾಡುತ್ತಾರೆ. ಫೋನ್ ಬಾರದಿದ್ದರೆ ಅವಳು ಚೆನ್ನಾಗಿದ್ದಾಳೆ ಎಂದು ತಿಳಿಯಿರಿ.

ಅತ್ತೆಯವರಿಗಾಗಿ ಒಂದು ಉಪಾಯವಿದೆ. ಏಪ್ರಿಲ್‌ನಲ್ಲಿ ಹೋದಾಗ ಗೋಪುರದ ಮೇಲಿನ ಮಗಳ ಚಿತ್ರವನ್ನೂ ಅಂಗಳದ ಚಿತ್ರವನ್ನೂ ತೆಗೆದು ತುಮಕೂರಿಗೆ ಕಳುಹಿಸಿ. ಸೆಪ್ಟೆಂಬರ್‌ನಲ್ಲಿ ಮಗಳ ಕೈಗೆ ಅಂಚೆಚೀಟಿ ಹಚ್ಚಿ, ವಿಳಾಸ ಬರೆದ ಎರಡು ಕಾರ್ಡು ಕೊಡಿ, ಒಂದು ನಿಮಗೆ, ಒಂದು ಅಜ್ಜಿಗೆ. ನಿಮ್ಮ ಕಾರ್ಡು ಅವಳು ಮನೆಗೆ ಬರುವ ಹೊತ್ತಿಗೆ ತಲುಪೀತು. ತುಮಕೂರಿನದು ಕೆಲವು ವಾರ ತಡವಾಗಿ ಬರುತ್ತದೆ, ಅಜ್ಜಿಗೆ ಕನ್ನಡದಲ್ಲೇ ಬರೆಯಲು ಹೇಳಿ.